ಒಣ ಕ್ಲಚ್ಚು

ಎಡಗಿವಿಯನ್ನು ರೀಲಿಂಗ್ ಶೆಡ್ಡಿಗೆ ಕೊಟ್ಟು ಬಂದವನು ನಾನು.
ಹದಿನಾಲ್ಕು ವರ್ಷ ಬೇಸಿನ್ನುಗಳ ಕಟಕಟ,
ಬೆಂದ ಗೂಡಿನ ವಾಸನೆ.
ಉಳಿದ ಬಲಗಿವಿಯನ್ನು ಗಾಡಿಗಳಿಗೆಂದು ಇಟ್ಟುಕೊಂಡಿದ್ದೇನೆ.
ಕರೆದರೆ ಕೇಳುವುದಿಲ್ಲ ಅಂತ ಆಂಜಿನಮ್ಮನ ದೂರು.
ಮೂರು ಅಂಗಡಿ ಆಚೆ ಟ್ಯಾಪೆಟ್ ಸಡಿಲವಾದರೆ ಕೇಳುತ್ತದಲ್ಲ,
ಅದೂ ದೂರೇ.

ಭಾನುವಾರ ಹತ್ತು ಗಂಟೆಗೆ, ಶಿಡ್ಲಘಟ್ಟದ ಚಿಂತಾಮಣಿ ರಸ್ತೆಯಲ್ಲಿ
ನನ್ನ ಶೆಡ್ಡಿನ ಮುಂದೆ
ಇಟಲಿಯ ಹಳೇ ಕೆಂಪು ಗಾಡಿಯೊಂದು ನಿಂತಿತು.
ನಿಂತಿತು ಅನ್ನುವುದೆಲ್ಲಿ, ಗಲಗಲಿಸಿತು,
ಡಬ್ಬಿಗೆ ಮೊಳೆ ತುಂಬಿ ಮಗು ಅಲ್ಲಾಡಿಸಿದ ಹಾಗೆ.
ಟೀ ಅಂಗಡಿ ನವಾಜ್ ಕೈಕೆಲಸ ಬಿಟ್ಟು ಬಂದ.
"ಎಂಜಿನ್ ಹೋಯ್ತಣ್ಣ" ಅಂದ, ಸಂತೋಷವಾಗಿ.

ಹೆಲ್ಮೆಟ್ ತೆಗೆದದ್ದು ಐವತ್ತು ದಾಟಿದ ಹೆಂಗಸು.
ಗೌರಿಬಿದನೂರಿನಲ್ಲಿ ಹಲ್ಲಿನ ಡಾಕ್ಟರು, ಕುಮುದಿನಿ.

ಕ್ಲಚ್ ಹಿಡಿದೆ: ಗಲಗಲ.
ಬಿಟ್ಟೆ: ಸುಮ್ಮನಾಯಿತು.
ಹಿಡಿದೆ.
ಬಿಟ್ಟೆ.
ಎಂಜಿನ್ನಿನ ರೋಗವಾದರೆ ಹಿಡಿದರೂ ಬಿಟ್ಟರೂ ಇರಬೇಕಲ್ಲ.
ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ
ತುದಿಯನ್ನು ಬಲಗಡೆ ಕವರಿಗೆ ಆನಿಸಿದೆ.
ಒಳಗೆ ತಟ್ಟೆಗಳು, ಮದುವೆ ಮನೆಯ ಹಿತ್ತಲಲ್ಲಿದ್ದಂತೆ,
ಒಂದನ್ನೊಂದು ತಾಕುತ್ತಾ.

ಆರು ಬೋಲ್ಟು, ಆರು ಸ್ಪ್ರಿಂಗು.
ಕಪ್ಪು ಧೂಳು ಕಂಡೊಡನೆ ನವಾಜ್ ಕೆನ್ನೆ ಉಬ್ಬಿಸಿದ.
"ಊದಬೇಡ!" ನಾನೂ ಡಾಕ್ಟರೂ ಒಟ್ಟಿಗೇ ಕೂಗಿದೆವು.
ಅವರು ಬ್ಯಾಗಿನಿಂದ ಮೂರು ಮಾಸ್ಕು ತೆಗೆದರು.
ಒದ್ದೆ ಬಟ್ಟೆಯಲ್ಲಿ ಒರೆಸಿ
ಪ್ಲೇಟುಗಳನ್ನು ಬಿಚ್ಚಿದ ಸಾಲಿನಲ್ಲೇ ತಂತಿಗೆ ಪೋಣಿಸುತ್ತಾ ಬಂದೆ.
ನಾಲ್ಕನೆಯದು ಜಾರಿತು. ಮೂಸಿದೆ.
"ಇದಕ್ಕೆ ಎಣ್ಣೆ ಬಿಟ್ಟವನು ಯಾವ ಮಹಾನುಭಾವ?"
"ನಾನೇ," ಅಂದರು. "ಸದ್ದಿಗೆ."

ಅಮ್ಮಾ, ಒಣಗಿರುವುದೇ ಇದರ ಹುಟ್ಟುಗುಣ.
ಎಣ್ಣೆ ಕುಡಿದರೆ ಸದ್ದು ಇಳಿಯುತ್ತದೆ, ಹಿಡಿತವೂ ಇಳಿಯುತ್ತದೆ.
ನಂದಿ ಬೆಟ್ಟದ ತಿರುವಿನಲ್ಲಿ ಥ್ರಾಟಲ್ ತಿರುಗಿಸಿದರೆ
ಎಂಜಿನ್ ಮಾತ್ರ ಹತ್ತುತ್ತದೆ,
ನೀವು ಅಲ್ಲೇ.

ಬುಟ್ಟಿಯೊಳಗೆ ಅವರೇ ಬೆರಳಾಡಿಸಿದರು.
ಪ್ಲೇಟಿನ ಕಿವಿಗಳು ಬಡಿದೂ ಬಡಿದೂ
ಗೋಡೆಯಲ್ಲಿ ಮೆಟ್ಟಿಲು ಕೊರೆದಿದ್ದವು.
"ಹುಳುಕು," ಅಂದರು ಮೆಲ್ಲಗೆ, ನನಗಲ್ಲ, ಬುಟ್ಟಿಗೆ.
ಫೀಲರ್ ಗೇಜಿನ ಎಲೆಯ ಮೇಲೆ ಎಲೆ ಇಟ್ಟು ನೋಡಿದೆ:
ಅರ್ಧ ಮಿಲ್ಲಿಮೀಟರು ಇರಬೇಕಾದ ಸಂದಿ
ಒಂದೂಕಾಲಾಗಿತ್ತು.

ಅರದಿಂದ ಮೆಟ್ಟಿಲ ಅಂಚು ಮಾತ್ರ ಸವರಿದೆ;
ಹೆಚ್ಚು ತಿಕ್ಕಿದರೆ ಸಂದಿ ಬೆಳೆಯುತ್ತದೆ.
ಪ್ಲೇಟುಗಳನ್ನು ತೊಳೆದು, ಗಾಜಿನ ಮೇಲೆ ಎಮರಿ ಹಾಳೆ ಹಾಸಿ
ಹಪ್ಪಳ ಒತ್ತುವಷ್ಟೇ ಭಾರದಲ್ಲಿ ಉಜ್ಜಿದೆ.
ಎರಡು ಎಷ್ಟು ತೊಳೆದರೂ ಬೆವರುತ್ತಿದ್ದವು.
"ಈ ಎರಡೂ, ಈ ಬುಟ್ಟಿಯೂ ಹೊಸದು ತರಿಸಿ.
ಅಲ್ಲಿಯವರೆಗೆ ಬೆಟ್ಟ ಬೇಡ.
ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ, ಸುಮ್ಮನೆ ಹಿಡಿದುಕೊಂಡು ಕೂರಬೇಡಿ."

"ಆಮೇಲೆ ಸದ್ದು ಹೋಗುತ್ತದಾ?"
"ಅರ್ಧ."
ಯೋಚಿಸಿದರು. "ಹೋಗಲಿ ಬಿಡಿ,
ನಮ್ಮ ಬೀದಿಯ ಮಕ್ಕಳು ಈ ಸದ್ದು ಕೇಳಿಯೇ
ಬಾಯಲ್ಲಿರುವ ಚಾಕಲೇಟು ನುಂಗುತ್ತವೆ."

ಹೊರಟರು. ಗಲಗಲ ಈಗ ಒಣಗಿ, ಬಿಡಿಬಿಡಿಯಾಗಿ,
ಪೆಟ್ರೋಲ್ ಬಂಕಿನವರೆಗೆ ಕೇಳಿಸಿತು, ಎಣಿಸಬಹುದಿತ್ತು.
ನವಾಜ್ ಟೀ ಕಾಸು ಮರೆತಿದ್ದ. ನಾನು ನೆನಪಿಸಲಿಲ್ಲ.

ರಾತ್ರಿ ಎಡಗಿವಿಯೊಳಗೆ ಬೇಸಿನ್ನುಗಳು ಶುರುವಾದವು,
ಶೆಡ್ಡು ಮುಚ್ಚಿ ಒಂಬತ್ತು ವರ್ಷವಾದರೂ.
ಆಂಜಿನಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಂದಳು.
ಬೆಳಗ್ಗೆಯಷ್ಟೇ ಒಬ್ಬರಿಗೆ ಬೈದಿದ್ದೇನೆ ಅಂತ ಹೇಳಲಿಲ್ಲ.
ಬಲಮಗ್ಗುಲಾದೆ. ಕೇಳುವ ಕಿವಿ ದಿಂಬಿನಲ್ಲಿ ಹೂತುಹೋಯಿತು.
ಹನಿ ಬೆಚ್ಚಗೆ ಇಳಿಯಿತು.
ಅವಳು ಏನೋ ಹೇಳುತ್ತಿದ್ದಾಳೆ.
ದವಡೆಗೆ ಆನಿಸಿದ ಅವಳ ಅಂಗೈಯ ಕಂಪನದಿಂದ
ಅಂದಾಜು ಮಾಡುತ್ತಿದ್ದೇನೆ,
ಬೈಗುಳವೋ, ನಗುವೋ.